ಹಿಂಭಾರ ಆಯ್ತು, ಸ್ವಲ್ಪ ಮುಂದೆ ಬನ್ನಿ

ಕೆಂಗೇರಿ ದಾಟಿ ಮೈಸೂರು ದಿಕ್ಕಿಗೆ ಹೋದರೆ ಬಿಡದಿ. ಅಲ್ಲಿನ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ ಫಾರ್ಚೂನರ್ ಹೊರಗೆ ಬರುತ್ತೆ, ಹೈಲಕ್ಸ್ ಕೂಡ ಬರುತ್ತೆ. ಎರಡೂ ಒಂದೇ ಮನೆತನದವು. ಕಂಪನಿಯವರು ಐಎಂವಿ ಅಂತ ಕರೆಯುವ ಒಂದೇ ಚಾಸಿಸ್ ಕುಟುಂಬ, ಅದೇ 2.8 ಲೀಟರ್ ಡೀಸೆಲ್ ಎಂಜಿನ್. ಆದರೆ ಎರಡನ್ನೂ ಪಕ್ಕಪಕ್ಕ ನಿಲ್ಲಿಸಿ, ಬಗ್ಗಿ ಹಿಂದಿನ ಚಕ್ರದ ಒಳಗೆ ಇಣುಕಿದರೆ ಸಂಬಂಧ ಅಲ್ಲಿಗೆ ಮುಗಿಯುತ್ತೆ. ಫಾರ್ಚೂನರಿನಲ್ಲಿ ಸುರುಳಿ ಸುತ್ತಿದ ಕಾಯಿಲ್ ಸ್ಪ್ರಿಂಗ್. ಹೈಲಕ್ಸಿನಲ್ಲಿ ಒಂದರ ಕೆಳಗೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು, ಅಂದರೆ ಲೀಫ್ ಸ್ಪ್ರಿಂಗ್. ನಮ್ಮ ಗ್ಯಾರೇಜುಗಳಲ್ಲಿ 'ಪ್ಲೇಟ್' ಅಂತಾರಲ್ಲ, ಅದೇ.

ಒಂದೇ ಊರಲ್ಲಿ ಕಟ್ಟುವ ಎರಡು ಗಾಡಿಗೆ ಎರಡು ಥರದ ಬೆನ್ನು ಯಾಕೆ? ಒಂದು ಜನರನ್ನು ಕೂರಿಸಲು, ಇನ್ನೊಂದು ಸಾಮಾನು ಹೊರಲು ಅನ್ನುವುದು ಸುಲಭದ ಉತ್ತರ. ಆದರೆ ಫಾರ್ಚೂನರಿನ ಹಿಂದೆ ಕೊಂಡಿ ಹಾಕಿ ಕ್ಯಾಂಪರ್ ಟ್ರೇಲರ್ ಎಳೆಯಲು ಹೊರಟವರಿಗೆ ಈ ಸುಲಭದ ಉತ್ತರ ಸಾಲದು. ಅವರು ಜನರನ್ನು ಕೂರಿಸುವ ಗಾಡಿಗೆ ಸಾಮಾನು ಹೊರುವ ಕೆಲಸ ಹೇಳಿರುತ್ತಾರೆ.

ಶನಿವಾರ ಬೆಳಗ್ಗೆ ಆರು ಗಂಟೆಗೆ ನಾಯಂಡಹಳ್ಳಿಯಿಂದ ಕೆಂಗೇರಿ ತನಕ ನಿಂತು ನೋಡಿ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಎಸ್‌ಯುವಿಗಳೆಲ್ಲ ಕೊಡಗಿನ ಕಡೆ ಹೊರಟಿರುತ್ತವೆ. ಬಹಳಷ್ಟರ ತಲೆ ಮೇಲೆ ಟೆಂಟು. ಅಲ್ಲೊಂದು ಇಲ್ಲೊಂದರ ಬೆನ್ನ ಹಿಂದೆ ಟ್ರೇಲರು. ಟ್ರೇಲರ್ ಕಟ್ಟಿದ ಗಾಡಿಯನ್ನು ಗುರುತಿಸಲು ಟ್ರೇಲರನ್ನೇ ನೋಡಬೇಕಾಗಿಲ್ಲ. ಮೂತಿ ಆಕಾಶ ನೋಡುತ್ತಿರುತ್ತೆ, ಹಿಂಭಾಗ ಕುಳಿತಿರುತ್ತೆ, ಹೆಡ್‌ಲೈಟು ಎದುರಿನವರ ಕಣ್ಣಿಗೆ ಬಡಿಯುತ್ತೆ. ಕುಂಬಳಗೋಡಿನ ಫ್ಲೈಓವರಿನ ಒಂದೊಂದು ಜಾಯಿಂಟು ಬಂದಾಗಲೂ ಗಾಡಿ ತೊಟ್ಟಿಲಿನ ಹಾಗೆ ಎರಡು ಸಲ ತೂಗಿ ನಿಲ್ಲುತ್ತೆ. ಒಳಗೆ ಹಿಂದಿನ ಸೀಟಿನಲ್ಲಿ ಕೂತ ಮಕ್ಕಳಿಗೆ ಬಿಡದಿಯ ಇಡ್ಲಿ ತಿನ್ನುವ ಮೊದಲೇ ಹೊಟ್ಟೆ ತೊಳೆಸಿರುತ್ತೆ.

ಇದಕ್ಕೆ ಎಲ್ಲರೂ ಹೇಳುವ ಮದ್ದು ಒಂದೇ. "ಹಿಂದೆ ಗಟ್ಟಿ ಸ್ಪ್ರಿಂಗ್ ಹಾಕ್ಸಿ ಬಿಡಿ ಸಾರ್." ಈ ಮದ್ದು ಅರ್ಧ ಸರಿ. ಉಳಿದರ್ಧ ಏನು ಅನ್ನುವುದು ಒಂದು ಕಾಲದಲ್ಲಿ ಬೆಂಗಳೂರಿನ ಜಟಕಾ ಸ್ಟ್ಯಾಂಡಿನಲ್ಲಿ ನಿಂತವರಿಗೆಲ್ಲ ಗೊತ್ತಿತ್ತು.

ಜಟಕಾ ನೋಡದವರಿಗೆ: ಎರಡು ದೊಡ್ಡ ಚಕ್ರ, ಮೇಲೆ ಬಾಗಿದ ಚಾವಣಿಯ ಗೂಡು, ಅಚ್ಚಿಗೂ ಗೂಡಿಗೂ ನಡುವೆ ಕಮಾನಿನ ಹಾಗೆ ಬಾಗಿದ ಪಟ್ಟಿ ಸ್ಪ್ರಿಂಗು, ಮುಂದೆ ಎರಡು ಉದ್ದನೆಯ ಮರದ ತೋಳು, ಆ ತೋಳುಗಳ ನಡುವೆ ಕುದುರೆ. ಬೆಂಗಳೂರಿನಲ್ಲಿ 1940ರಲ್ಲಿ 98 ಬಸ್ಸುಗಳೊಂದಿಗೆ ಬಿಟಿಸಿ ಅನ್ನುವ ಬಸ್ ಕಂಪನಿ ಶುರುವಾಗುವ ಮೊದಲು ನಡೆಯಲಾಗದ ದೂರಕ್ಕೆ ಸಾಮಾನ್ಯರಿಗೆ ಇದ್ದದ್ದು ಇದೇ. ಬಸ್ಸು ಬಂದ ಮೇಲೂ ಬಹಳ ಕಾಲ ಉಳಿದಿತ್ತು. ರಾಜಾಜಿನಗರಕ್ಕೆ ಅಡಿಗಲ್ಲು ಬಿದ್ದದ್ದು 1949ರಲ್ಲಿ. ಅಂದರೆ ನಮ್ಮ ಪಶ್ಚಿಮ ಬೆಂಗಳೂರಿನ ಬಡಾವಣೆಗಳು ಹುಟ್ಟುವಾಗ ಊರಲ್ಲಿ ಕುದುರೆ ಗಾಡಿ ಇನ್ನೂ ದುಡಿಯುತ್ತಿತ್ತು.

ಜಟಕಾ ಹತ್ತಿದ ಕೂಡಲೇ ಗಾಡಿಯವನ ಮೊದಲ ಮಾತು ದಿಕ್ಕಿನದೂ ಅಲ್ಲ, ದುಡ್ಡಿನದೂ ಅಲ್ಲ. "ಹಿಂಭಾರ ಆಯ್ತು ಸ್ವಾಮೀ, ಸ್ವಲ್ಪ ಮುಂದೆ ಬನ್ನಿ." ಅಥವಾ "ಅಮ್ಮಾ, ನೀವು ಹಿಂದಕ್ಕೆ ಸರೀರಿ, ಕುದುರೆ ಮೇಲೆ ಬೀಳ್ತಿದೆ." ಎರಡೇ ಚಕ್ರದ ಗಾಡಿ ಅಂದರೆ ತಕ್ಕಡಿ. ಅಚ್ಚಿನ ಹಿಂದೆ ಭಾರ ಹೆಚ್ಚಾದರೆ ಮುಂದಿನ ತೋಳುಗಳು ಮೇಲೇಳುತ್ತವೆ, ಹೊಟ್ಟೆಯ ಪಟ್ಟಿ ಕುದುರೆಯನ್ನು ಮೇಲಕ್ಕೆ ಎಳೆಯುತ್ತೆ, ಕಾಲಿಗೆ ನೆಲದ ಹಿಡಿತ ಸಿಗುವುದಿಲ್ಲ. ಮುಂದೆ ಹೆಚ್ಚಾದರೆ ಅಷ್ಟೂ ಭಾರ ಅದರ ಬೆನ್ನಿಗೆ. ಬೇಕಾದದ್ದು ಇವೆರಡರ ಮಧ್ಯದ ಒಂದು ಜಾಗ: ತೋಳುಗಳು ಕುದುರೆಯ ಬೆನ್ನ ಮೇಲೆ ಲಘುವಾಗಿ ಕೂತಿರಬೇಕು, ಆದರೆ ಕೂತಿರಲೇಬೇಕು. ಏರು ಬಂದರೆ ಜನ ಮುಂದಕ್ಕೆ, ಇಳಿಜಾರು ಬಂದರೆ ಹಿಂದಕ್ಕೆ. ತಪ್ಪಾದರೆ ಕುದುರೆ ತಲೆ ಕೊಡವುತ್ತಿತ್ತು, ನಿಂತುಬಿಡುತ್ತಿತ್ತು. ಫಾರ್ಚೂನರ್ ಹಾಗೆಲ್ಲ ತಲೆ ಕೊಡವಲ್ಲ, ಅದೇ ತೊಂದರೆ.

ಇಲ್ಲಿ ಗಮನಿಸಬೇಕಾದದ್ದು ಇಷ್ಟು. ಜಟಕಾಕ್ಕೂ ಸ್ಪ್ರಿಂಗ್ ಇತ್ತು. ಆದರೆ ಗಾಡಿಯವನು ಸ್ಪ್ರಿಂಗನ್ನು ನಂಬಿ ಭಾರವನ್ನು ಮರೆಯುತ್ತಿರಲಿಲ್ಲ. ಭಾರ ಎಲ್ಲಿ ಕೂತಿದೆ ಅನ್ನುವುದು ಒಂದು ಪ್ರಶ್ನೆ, ಆ ಭಾರವನ್ನು ಎಷ್ಟು ನಯವಾಗಿ ತೂಗಬೇಕು ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಹುಡುಕದೆ ಎರಡನೆಯದಕ್ಕೆ ದುಡ್ಡು ಸುರಿಯುವುದು ನಮ್ಮ ಕಾಲದ ಅಭ್ಯಾಸ.

ಎತ್ತಿನ ಗಾಡಿಯಲ್ಲಿ ಎರಡನೆಯ ಪ್ರಶ್ನೆಯೇ ಇರಲಿಲ್ಲ. ಅಚ್ಚಿನ ಮೇಲೆ ನೇರವಾಗಿ ಮರ, ಮರದ ಮೇಲೆ ನೀವು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೋ ಸಿದ್ಧಗಂಗೆಯ ಜಾತ್ರೆಗೋ ಸಂಸಾರ ಸಮೇತ ಹೊರಟರೆ ಗಾಡಿ ತುಂಬ ಹುಲ್ಲು ಹಾಸಿ, ಮೇಲೆ ಜಮಖಾನ ಹಾಸಿ ಕೂರುತ್ತಿದ್ದರು. ಹುಲ್ಲೇ ಸಸ್ಪೆನ್ಶನ್ನು, ಅಲ್ಲಿ ತಲುಪಿದ ಮೇಲೆ ಅದೇ ಎತ್ತಿಗೆ ಮೇವು. ಗಾಡಿ ಬಿಚ್ಚಿ, ನೊಗ ಇಳಿಸಿ, ಅದರ ಕೆಳಗೇ ಮಲಗಿ, ಪಕ್ಕದಲ್ಲಿ ಮೂರು ಕಲ್ಲಿಟ್ಟು ಅಡುಗೆ ಮಾಡಿ ನಾಲ್ಕು ದಿನ ಇರುತ್ತಿದ್ದರು. ಕ್ಯಾಂಪರ್ ಟ್ರೇಲರ್ ಅಂದರೆ ಇದಕ್ಕಿಂತ ಬೇರೆ ಏನು ಹೇಳಿ? (ಬ್ರಿಟಿಷರು ಮೋಜಿಗೆಂದೇ ಕಟ್ಟಿಸಿದ ಮೊದಲ ಕ್ಯಾರವಾನ್ ಅಂತ ಹೇಳಿಕೊಳ್ಳುವುದು ಗೋರ್ಡನ್ ಸ್ಟೇಬಲ್ಸ್ ಅನ್ನುವ ವೈದ್ಯ 1885ರಲ್ಲಿ ಮಾಡಿಸಿದ 'ದಿ ವಾಂಡರರ್' ಬಂಡಿಯನ್ನು. ಸುಮಾರು ಎರಡು ಟನ್ ತೂಕ, ಎರಡು ಕುದುರೆ. ನಮ್ಮ ಜಾತ್ರೆಯವರು ಅದನ್ನು ನೋಡಿದ್ದರೆ ಕುದುರೆಗಳ ಬಗ್ಗೆ ಮರುಗುತ್ತಿದ್ದರು.)

ಎತ್ತಿನ ಕುತ್ತಿಗೆಯ ಪ್ರಶ್ನೆಯನ್ನು ಬಹಳ ಗಂಭೀರವಾಗಿ ಎತ್ತಿಕೊಂಡವರು, ಆಶ್ಚರ್ಯ ಅನ್ನಿಸಬಹುದು, ಐಐಎಂ ಬೆಂಗಳೂರಿನ ಸ್ಥಾಪಕ ನಿರ್ದೇಶಕ ಎನ್.ಎಸ್. ರಾಮಸ್ವಾಮಿ. ಮ್ಯಾನೇಜ್‌ಮೆಂಟ್ ಕಲಿಸುವ ಸಂಸ್ಥೆಯ ಮುಖ್ಯಸ್ಥರು 1970ರ ದಶಕದಿಂದಲೇ ಎತ್ತಿನ ಗಾಡಿ ಸುಧಾರಣೆಯ ಹಿಂದೆ ಬಿದ್ದಿದ್ದರು. ಇದಕ್ಕಾಗಿಯೇ ಕಾರ್ಟ್‌ಮ್ಯಾನ್ ಅನ್ನುವ ಸಂಸ್ಥೆಯನ್ನೂ ಕಟ್ಟಿದರು. ಅವರ ವಾದ ಸರಳ: ಕಬ್ಬಿಣದ ಪಟ್ಟಿಯ ಚಕ್ರ, ಸಮತೂಕವಿಲ್ಲದ ಹೇರು, ಕುತ್ತಿಗೆಯನ್ನು ತಿಕ್ಕುವ ನೊಗ, ಇವು ಮೂರೂ ಸೇರಿ ಎತ್ತಿನ ಶಕ್ತಿಯನ್ನು ದಂಡ ಮಾಡುತ್ತವೆ, ಪ್ರಾಣಿಯನ್ನೂ ಕೊಲ್ಲುತ್ತವೆ. ಗಾಳಿ ತುಂಬಿದ ಟೈರು, ಸರಿಯಾದ ಸಮತೂಕ, ಒಳ್ಳೆಯ ನೊಗ ಬೇಕು ಅಂತ ಹೇಳುತ್ತಲೇ ಬಂದರು. ಹಳ್ಳಿಗಳಲ್ಲಿ 'ಟೈರ್ ಗಾಡಿ' ಹೆಚ್ಚಾಯಿತು, ಸಮತೂಕದ ಮಾತನ್ನು ಕೇಳಿಸಿಕೊಂಡವರು ಕಡಿಮೆ. ಇವತ್ತಿನ ಎಸ್‌ಯುವಿ ಮಾಲೀಕರದ್ದೂ ಅದೇ ಕತೆ. ಟೈರ್ ಬದಲಾಯಿಸುತ್ತಾರೆ, ಸ್ಪ್ರಿಂಗ್ ಬದಲಾಯಿಸುತ್ತಾರೆ, ಟ್ರೇಲರಿನಲ್ಲಿ ನೀರಿನ ಟ್ಯಾಂಕು ಎಲ್ಲಿದೆ ಅಂತ ಕೇಳಿದರೆ ಗೊತ್ತಿರಲ್ಲ.

ಇನ್ನು ಸ್ಪ್ರಿಂಗಿನ ಕತೆಗೆ ಬರೋಣ. ಎಷ್ಟು ಭಾರವೋ ಅಷ್ಟು ಬಾಗು ಅನ್ನುವ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲೇ ಅಚ್ಚು ಮಾಡಿಸಿದ್ದ. ಆದರೆ ಗಾಡಿಗೆ ಅದು ಸರಿಯಾಗಿ ಬಂದದ್ದು 1804ರಲ್ಲಿ, ಲಂಡನ್ನಿನ ಬಂಡಿ ಕಟ್ಟುವವ ಒಬಡಾಯ ಎಲಿಯಟ್ ಎದುರುಬದುರಾಗಿ ಬಾಗಿದ ಪಟ್ಟಿಗಳ ಸ್ಪ್ರಿಂಗಿಗೆ ಪೇಟೆಂಟ್ ಪಡೆದಾಗ. ಅಲ್ಲಿಯವರೆಗೆ ಬಂಡಿಯ ಉದ್ದಕ್ಕೂ ಒಂದು ದಪ್ಪ ತೊಲೆ, ಅದಕ್ಕೆ ಚರ್ಮದ ಪಟ್ಟಿಯಲ್ಲಿ ನೇತುಬಿಟ್ಟ ಗೂಡು. ಎಲಿಯಟ್ಟನ ಸ್ಪ್ರಿಂಗ್ ಬಂದ ಮೇಲೆ ಆ ತೊಲೆಯೇ ಬೇಡವಾಯಿತು, ಬಂಡಿ ಹಗುರವಾಯಿತು.

ಪಟ್ಟಿ ಸ್ಪ್ರಿಂಗಿನ ಜಾಣತನ ಇರುವುದು ಅದು ಒಬ್ಬನೇ ಮೂರು ಜನರ ಕೆಲಸ ಮಾಡುವುದರಲ್ಲಿ. ಭಾರ ಹೊರುತ್ತೆ. ಅಚ್ಚನ್ನು ಹಿಂದೆ ಮುಂದೆ, ಅತ್ತ ಇತ್ತ ಹೋಗದ ಹಾಗೆ ಹಿಡಿದಿಡುತ್ತೆ. ಪಟ್ಟಿಗಳು ಒಂದಕ್ಕೊಂದು ಉಜ್ಜಿಕೊಳ್ಳುವುದರಿಂದ ಕುಣಿತವನ್ನು ತಾನೇ ಅಷ್ಟಿಷ್ಟು ತಡೆಯುತ್ತೆ. ಲಾರಿಗಳಲ್ಲಿ ಇದಕ್ಕೆ ಇನ್ನೊಂದು ಉಪಾಯ ಸೇರಿಸಿದರು: ಮುಖ್ಯ ಕಟ್ಟಿನ ಮೇಲೆ ಒಂದು ಹೆಲ್ಪರ್ ಕಟ್ಟು. ಖಾಲಿ ಇದ್ದಾಗ ಅದು ಸುಮ್ಮನೆ ಕೂತಿರುತ್ತೆ, ಹೇರು ಬಿದ್ದು ಲಾರಿ ಕುಗ್ಗಿದಾಗ ಮಾತ್ರ ಕೆಲಸಕ್ಕೆ ಬರುತ್ತೆ. ಒಂದು ಪ್ಲೇಟು ಮುರಿದರೆ ಮೈಸೂರು ರೋಡು, ಮಾಗಡಿ ರೋಡಿನ ಯಾವುದೋ ಗ್ಯಾರೇಜಿನಲ್ಲಿ ಅದೊಂದನ್ನೇ ಬದಲಾಯಿಸಿ ಕಳಿಸುತ್ತಾರೆ. ಮುರಿದ ಪ್ಲೇಟೂ ದಂಡವಾಗಲ್ಲ, ಕುಲುಮೆಗೆ ಹೋಗಿ ಮಚ್ಚೋ ಕೊಡಲಿಯೋ ಆಗುತ್ತೆ. ಇಷ್ಟು ಮರ್ಯಾದೆಯ ಮರುಜನ್ಮ ಕಾಯಿಲ್ ಸ್ಪ್ರಿಂಗಿಗೆ ಸಿಕ್ಕಿಲ್ಲ.

ದೋಷವೂ ಇದೆ. ತುಂಬಿದ ಗಾಡಿಗೆ ಅಂತ ಗಟ್ಟಿ ಮಾಡಿದ ಸ್ಪ್ರಿಂಗು ಖಾಲಿ ಗಾಡಿಯಲ್ಲಿ ಒದೆಯುತ್ತೆ. ಹಳೆಯ ಬಿಟಿಎಸ್ ಬಸ್ಸಿನ ಕಡೇ ಸೀಟಿನಲ್ಲಿ ಕೂತವರನ್ನು ಕೇಳಿ. ರಾತ್ರಿ ಖಾಲಿ ಬಸ್ಸಿನಲ್ಲಿ ಹಂಪ್ ಬಂದರೆ ತಲೆ ಚಾವಣಿಗೆ. ಬೆಳಗ್ಗೆ ನೂರು ಜನ ನೇತಾಡುವಾಗ ಅದೇ ಬಸ್ಸು, ಅದೇ ಹಂಪು, ತೇಲಿಕೊಂಡು ಹೋದ ಹಾಗೆ. ಬಸ್ಸು ಬದಲಾಗಿರಲಿಲ್ಲ, ಸ್ಪ್ರಿಂಗು ಕಾಯುತ್ತಿದ್ದ ಭಾರ ಅದಕ್ಕೆ ಸಿಕ್ಕಿತ್ತು ಅಷ್ಟೇ. 2006ರಲ್ಲಿ ಬಿಎಂಟಿಸಿ ವೋಲ್ವೋ ಬಸ್ ತಂದಾಗ ನಮಗೆ ಎಸಿ ಮಾತ್ರ ಕಂಡಿತು. ಅದರ ಹೊಟ್ಟೆಯಲ್ಲಿ ಪಟ್ಟಿಯ ಬದಲು ಗಾಳಿ ಚೀಲಗಳಿದ್ದವು. ಜನ ಹತ್ತಿದ ಹಾಗೆ ಗಾಳಿ ತುಂಬಿಕೊಂಡು, ಇಳಿದ ಹಾಗೆ ಬಿಟ್ಟುಕೊಂಡು ಬಸ್ಸಿನ ಎತ್ತರವನ್ನು ಒಂದೇ ಸಮ ಇಡುತ್ತಿದ್ದವು.

ಟ್ರೇಲರ್ ಎಳೆಯುವ ಸಣ್ಣ ಗಾಡಿಗಳ ಅಜ್ಜ ಅಂದರೆ ಜೀಪ್. ಅದಕ್ಕೂ ಒಂದು ಸಂಕಟದ ಕತೆ ಇದೆ. ಅಮೆರಿಕದ ಬ್ಯಾಂಟಮ್ ಅನ್ನುವ ಪುಟ್ಟ ಕಂಪನಿ ಸೇನೆಗೆ ಮೊದಲ ಜೀಪನ್ನು ಮಾಡಿಕೊಟ್ಟಿತು. ದೊಡ್ಡ ಆರ್ಡರು ಮಾತ್ರ ವಿಲ್ಲೀಸ್ ಮತ್ತು ಫೋರ್ಡ್ ಪಾಲಾಯಿತು. ಬ್ಯಾಂಟಮ್‌ಗೆ ಉಳಿದದ್ದು ಆ ಜೀಪಿನ ಹಿಂದೆ ಕಟ್ಟುವ ಕಾಲು ಟನ್ನಿನ ಟ್ರೇಲರ್ ಮಾಡುವ ಕೆಲಸ. ಆದರೆ ಟ್ರೇಲರನ್ನು ಶ್ರದ್ಧೆಯಿಂದ ಮಾಡಿದರು. ಜೀಪಿನದ್ದೇ ಚಕ್ರ, ಜೀಪಿನದ್ದೇ ಟೈರು, ಪಟ್ಟಿ ಸ್ಪ್ರಿಂಗು, ಹೊರಬೇಕಾದ ಭಾರ ಇಷ್ಟೇ ಅಂತ ನಿಗದಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೇನೆ ಮಾರಿದ ಆ ಟ್ರೇಲರುಗಳನ್ನು ಕೊಂಡ ಅಮೆರಿಕನ್ನರು ಟೆಂಟು ಹಾಕಿಕೊಂಡು ಕಾಡಿಗೆ ಹೋದರು. ನಮ್ಮಲ್ಲಿ ಮಹೀಂದ್ರ ಕಟ್ಟಿದ ವಿಲ್ಲೀಸ್ ಜೀಪುಗಳ ಹಿಂದೆಯೂ ಸರ್ಕಾರಿ ಇಲಾಖೆಗಳ ಪುಟ್ಟ ಟ್ರೇಲರುಗಳು ಓಡಾಡಿದವು. ಜೀಪಿಗೆ ನಾಲ್ಕೂ ಕಡೆ ಪಟ್ಟಿ ಸ್ಪ್ರಿಂಗ್. ಸುಖ ಅನ್ನುವ ಶಬ್ದ ಆ ಗಾಡಿಯ ನಿಘಂಟಿನಲ್ಲಿ ಇರಲಿಲ್ಲ, ಹಾಗಾಗಿ ಟ್ರೇಲರ್ ಕಟ್ಟಿದರೂ ಕಳೆದುಕೊಳ್ಳಲು ಏನೂ ಇರಲಿಲ್ಲ. ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳಿಗೂ ಹಿಂದೆ ಪಟ್ಟಿಯೇ. ಮದುವೆ ದಿಬ್ಬಣಕ್ಕೆ ಅಂಬಾಸಡರಿನಲ್ಲಿ ಹತ್ತು ಜನ ತುಂಬಿಕೊಂಡು ಹೋದದ್ದರ ಪುಣ್ಯ ಆ ಪಟ್ಟಿಗೂ ಸೇರಬೇಕು. ಬೊಲೆರೋ ಅದೇ ವಂಶವನ್ನು ಇನ್ನೂ ಮುಂದುವರಿಸಿದೆ.

ತಿರುವು ಬಂದದ್ದು 1970ರಲ್ಲಿ, ಇಂಗ್ಲೆಂಡಿನಲ್ಲಿ, ರೇಂಜ್ ರೋವರ್ ಜೊತೆಗೆ. ಅದಕ್ಕೂ ಮೊದಲಿನ ಲ್ಯಾಂಡ್ ರೋವರ್ ಪಟ್ಟಿಯ ಗಾಡಿ. ಎಂಜಿನಿಯರ್ ಸ್ಪೆನ್ ಕಿಂಗ್ ಮತ್ತು ಅವರ ತಂಡ ಹೊಸ ಗಾಡಿಗೆ ನಾಲ್ಕೂ ಕಡೆ ಉದ್ದನೆಯ, ಮೆತ್ತನೆಯ ಕಾಯಿಲ್ ಹಾಕಿದರು. ಹೊಲದಲ್ಲೂ ಓಡಬೇಕು, ಹೆದ್ದಾರಿಯಲ್ಲಿ ಕಾರಿನ ಸುಖವೂ ಇರಬೇಕು. ಕಾಯಿಲ್ ಭಾರ ಮಾತ್ರ ಹೊರುತ್ತೆ, ಅಚ್ಚನ್ನು ಹಿಡಿಯಲ್ಲ, ಕುಣಿತ ತಡೆಯಲ್ಲ. ಆ ಕೆಲಸಕ್ಕೆ ಬೇರೆ ತೋಳುಗಳು, ಬೇರೆ ಶಾಕ್ ಅಬ್ಸಾರ್ಬರ್ ಬೇಕು. ಅದೆಲ್ಲ ಆಯಿತು. ಒಂದು ಪ್ರಶ್ನೆ ಉಳಿಯಿತು: ಇಷ್ಟು ಮೆತ್ತನೆಯ ಸ್ಪ್ರಿಂಗಿನ ಹಿಂದೆ ರೈತ ಕುದುರೆಯ ಟ್ರೇಲರ್ ಕಟ್ಟಿದರೆ?

ಅವರು ಸ್ಪ್ರಿಂಗನ್ನು ಗಟ್ಟಿ ಮಾಡಲಿಲ್ಲ. ನನಗೆ ಈ ಇಡೀ ಇತಿಹಾಸದಲ್ಲಿ ಬಹಳ ಇಷ್ಟವಾದ ತುಣುಕು ಇದು. ಹಿಂದಿನ ಅಚ್ಚಿನ ಮೇಲೆ ಮಧ್ಯದಲ್ಲಿ ಬೋಗೆ ಕಂಪನಿಯ ಹೈಡ್ರೋಮ್ಯಾಟ್ ಅನ್ನುವ ಒಂದು ಕಂಬ ಕೂರಿಸಿದರು. ಗಾಡಿ ಭಾರಕ್ಕೆ ಕುಗ್ಗಿತು ಅಂದುಕೊಳ್ಳಿ. ಸ್ವಲ್ಪ ದೂರ ಓಡಿಸಿದರೆ, ರಸ್ತೆಯ ಕುಲುಕಾಟವೇ ಆ ಕಂಬದೊಳಗಿನ ಎಣ್ಣೆಯನ್ನು ಪಂಪ್ ಮಾಡಿ ಗಾಡಿಯನ್ನು ಮತ್ತೆ ಮಟ್ಟಕ್ಕೆ ಎತ್ತುತ್ತೆ. ಎಂಜಿನ್ನಿನ ಶಕ್ತಿ ಬೇಡ, ವೈರು ಬೇಡ. (1955ರ ಸಿಟ್ರನ್ ಡಿಎಸ್ ಕಾರು ಎಣ್ಣೆ ಮತ್ತು ಅನಿಲದಿಂದ ಇದನ್ನೇ ಎಂಜಿನ್ ಪಂಪಿನ ಸಹಾಯದಲ್ಲಿ ಮಾಡಿತ್ತು.) ಖಾಲಿ ಇದ್ದಾಗ ಮೆತ್ತಗೆ, ಎಳೆಯುವಾಗ ಮಟ್ಟಸವಾಗಿ.

ಮುಂದೆ ಜಗತ್ತಿನ ಎಸ್‌ಯುವಿಗಳೆಲ್ಲ ರೇಂಜ್ ರೋವರಿನ ಕಾಯಿಲನ್ನು ತೆಗೆದುಕೊಂಡವು. ಹೈಡ್ರೋಮ್ಯಾಟನ್ನು ಹೆಚ್ಚಿನವು ಬಿಟ್ಟವು. ದುಡ್ಡಿನ ಲೆಕ್ಕ. ನಿಮ್ಮ ಗಾಡಿಯ ಹಿಂಭಾಗ ಇವತ್ತು ಕುಗ್ಗುತ್ತಿರುವುದಕ್ಕೆ ಮೂಲ ಅಲ್ಲಿದೆ.

ಬಿಡದಿಯಲ್ಲೂ ಈ ತಿರುವು ಆಯಿತು, ವರ್ಷ ಹೇಳಬಹುದು: 2005. ಅಲ್ಲಿಯವರೆಗೆ ಬರುತ್ತಿದ್ದ ಕ್ವಾಲಿಸ್ ಹಿಂದೆ ಪಟ್ಟಿಯ ಗಾಡಿ. ಐಟಿ ಕಂಪನಿಗಳ ರಾತ್ರಿ ಪಾಳಿಯವರನ್ನು ಹೊತ್ತು ಹೊತ್ತು ಅದು ಬೆಂಗಳೂರಿನ ಒಂದು ತಲೆಮಾರಿನ ನಿದ್ದೆ ಕೆಡಿಸಿದೆ. 2005ರಲ್ಲಿ ಕ್ವಾಲಿಸ್ ನಿಂತು ಇನ್ನೋವಾ ಬಂತು, ಹಿಂದೆ ನಾಲ್ಕು ತೋಳಿನ ಕಾಯಿಲ್. ಜನ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡಲು ಶುರು ಮಾಡಿದರು. 2009ರಲ್ಲಿ ಫಾರ್ಚೂನರ್ ಅದೇ ದಾರಿ ಹಿಡಿಯಿತು. 2022ರಲ್ಲಿ ಹೈಲಕ್ಸ್ ಬಂದಾಗ ಬಿಡದಿಗೆ ಮತ್ತೆ ಪಟ್ಟಿ ಬಂತು. ಹೈಲಕ್ಸನ್ನು ಖಾಲಿ ಓಡಿಸಿದವರು ಹಿಂದೆ ಕುಣಿಯುತ್ತೆ ಅಂತ ದೂರುತ್ತಾರೆ. ಬಿಟಿಎಸ್ ಬಸ್ಸಿನ ಕಡೇ ಸೀಟನ್ನು ನೆನಪಿಸಿಕೊಳ್ಳಿ.

ಈಗ ಒಂದು ಲೆಕ್ಕ. ಫಾರ್ಚೂನರಿನ ಮುಂದಿನ ಅಚ್ಚಿನಿಂದ ಹಿಂದಿನ ಅಚ್ಚಿಗೆ 2.745 ಮೀಟರ್. ಕೊಂಡಿಯ ಗುಂಡು ಹಿಂದಿನ ಅಚ್ಚಿಗಿಂತ 1.2 ಮೀಟರ್ ಹಿಂದಿದೆ ಅಂತಿಟ್ಟುಕೊಳ್ಳಿ. ಟ್ರೇಲರ್ ಒಂದು ಟನ್, ಅದು ಕೊಂಡಿಯ ಮೇಲೆ ಒತ್ತುವ ಭಾರ 100 ಕೆಜಿ. ಹಿಂದಿನ ಸ್ಪ್ರಿಂಗಿನ ಮೇಲೆ ಎಷ್ಟು ಹೆಚ್ಚಾಯಿತು? 100 ಅಲ್ಲ, ಸುಮಾರು 144 ಕೆಜಿ. ಹೆಚ್ಚಿನ 44 ಎಲ್ಲಿಂದ ಬಂತು ಅಂದರೆ ಮುಂದಿನ ಚಕ್ರದಿಂದ. ಹಿಂದಿನ ಅಚ್ಚು ಏತದ ಕಂಬದ ಹಾಗೆ. ಹಿಂದೆ ಒತ್ತಿದರೆ ಮುಂದೆ ಏಳುತ್ತೆ. ಸ್ಟಿಯರಿಂಗ್ ಮಾಡುವ, ಹೆಚ್ಚಿನ ಬ್ರೇಕ್ ಹಿಡಿಯುವ ಮುಂದಿನ ಚಕ್ರಗಳು 44 ಕೆಜಿ ಹಗುರವಾದವು. ಇದರ ಮೇಲೆ ಡಿಕ್ಕಿಯಲ್ಲಿ ಫ್ರಿಜ್ಜು, ಗ್ಯಾಸು, ನಾಲ್ಕು ಜನರ ಬ್ಯಾಗು. ಅವೂ ಹೆಚ್ಚುಕಮ್ಮಿ ಅಚ್ಚಿನ ಹಿಂದೆಯೇ.

ಗಟ್ಟಿ ಕಾಯಿಲ್ ಹಾಕಿಸಿದಿರಿ. ಹಿಂಭಾಗ ಮೇಲೆದ್ದಿತು, ನೋಡಲು ಚಂದ, ಹೆಡ್‌ಲೈಟು ರಸ್ತೆಗೆ ಬಂತು. ಆ 144 ಮತ್ತು 44 ಬದಲಾದವಾ? ಒಂದು ಕೆಜಿಯೂ ಇಲ್ಲ. ಸ್ಪ್ರಿಂಗ್ ಎತ್ತರ ಸರಿ ಮಾಡುತ್ತೆ, ಭಾರವನ್ನು ಮುಂದಕ್ಕೆ ಕಳಿಸಲ್ಲ. ಕಂಪನಿ ಹಿಂದಿನ ಅಚ್ಚಿಗೆ ಇಷ್ಟೇ ಭಾರ ಅಂತ ಬರೆದಿದ್ದರೆ ಆ ಅಂಕಿಯೂ ಏರುವುದಿಲ್ಲ. ಜೊತೆಗೆ ಸೋಮವಾರದಿಂದ ಶುಕ್ರವಾರದವರೆಗೆ ಟ್ರೇಲರ್ ಇಲ್ಲದೆ ಕಾರ್ಡ್ ರೋಡಿನ ಗುಂಡಿಗಳಲ್ಲಿ ಹಿಂದಿನ ಸೀಟಿನವರ ಸೊಂಟ ಹೋಗುತ್ತೆ. ವರ್ಷಕ್ಕೆ ಹದಿನೈದು ದಿನ ಟ್ರೇಲರ್ ಎಳೆಯುವವರಿಗೆ ಉಳಿದ 350 ದಿನ ಈ ಶಿಕ್ಷೆ ಯಾಕೆ?

ಆ ಹದಿನೈದು ದಿನದವರಿಗೆ ನನ್ನ ಮತ ಕಾಯಿಲ್ ಒಳಗೆ ಕೂರಿಸುವ ಗಾಳಿ ಚೀಲಕ್ಕೆ. ಅಮೆರಿಕದಲ್ಲಿ ಯುದ್ಧಾನಂತರದ ಕಾಲದಿಂದ ಬಳಕೆಯಲ್ಲಿರುವ ಉಪಾಯ. ವೋಲ್ವೋ ಬಸ್ಸಿನ ಬಡ ನೆಂಟ. ಟ್ರೇಲರ್ ಕಟ್ಟಿದಾಗ ಗಾಳಿ ತುಂಬು, ಬಿಚ್ಚಿದಾಗ ಕಂಪನಿ ಹೇಳಿದ ಕನಿಷ್ಠಕ್ಕೆ ಇಳಿಸು. ಹೆಲ್ಪರ್ ಪ್ಲೇಟಿನ ತತ್ವವೇ, ರಬ್ಬರಿನಲ್ಲಿ. ಫ್ಲೈಓವರಿನ ಜಾಯಿಂಟಿನ ಮೇಲೆ ಎರಡೆರಡು ಸಲ ತೂಗುತ್ತಲ್ಲ, ಅದು ಸ್ಪ್ರಿಂಗಿನ ತಪ್ಪಲ್ಲ, ಶಾಕ್ ಅಬ್ಸಾರ್ಬರಿನದ್ದು. ಸವೆದದ್ದಕ್ಕೆ ಹೊಸ ಸ್ಪ್ರಿಂಗ್ ಹಾಕಿದರೆ ಕುಣಿತ ಇನ್ನೂ ಜೋರಾಗುತ್ತೆ. ಮೊದಲು ಶಾಕ್ ನೋಡಿಸಿ. ಮುಂದಿನ ಚಕ್ರದಿಂದ ಹೋದ 44 ಕೆಜಿಯನ್ನು ನಿಜವಾಗಿ ವಾಪಸ್ ತರುವುದು ಉಕ್ಕಿನ ಸರಳುಗಳಿರುವ, ಭಾರ ಹಂಚುವ ವಿಶೇಷ ಹಿಚ್ಚು ಮಾತ್ರ. ಅದು ಭಾರಿ ಟ್ರೇಲರಿಗೆ, ಅದನ್ನು ಒಪ್ಪುವ ಗಾಡಿಗೆ. ನಮ್ಮ ಪುಟ್ಟ ಕ್ಯಾಂಪರುಗಳಿಗೆ ಬಹಳ ಸಲ ಬೇಕಾಗಲ್ಲ. ಯಾಕೆಂದರೆ ಅದಕ್ಕಿಂತ ಮೊದಲು ಮಾಡಬೇಕಾದ, ಪೈಸೆ ಖರ್ಚಿಲ್ಲದ ಕೆಲಸ ಇದೆ: ಡಿಕ್ಕಿಯ ಭಾರವನ್ನು ಹಿಂದಿನ ಸೀಟಿಗೆ ಹತ್ತಿರ ತರುವುದು, ಟ್ರೇಲರಿನ ನೀರಿನ ಟ್ಯಾಂಕು, ಬ್ಯಾಟರಿ, ಪಾತ್ರೆ ಪೆಟ್ಟಿಗೆಯನ್ನು ಅದರ ಅಚ್ಚಿನ ಹತ್ತಿರ ಇಡುವುದು.

ಇಲ್ಲೇ ಅಪಾಯದ ಜಾಗವೂ ಇರುವುದು. ಹಿಂಭಾಗ ಕುಗ್ಗುತ್ತಿದೆ ಅಂತ ಒಬ್ಬರು ಬುದ್ಧಿ ಓಡಿಸುತ್ತಾರೆ: ಟ್ರೇಲರಿನ ಸಾಮಾನನ್ನು ಅದರ ಹಿಂತುದಿಗೆ ಸರಿಸಿದರೆ ಕೊಂಡಿ ಹಗುರವಾಗುತ್ತೆ, ಗಾಡಿ ಮಟ್ಟಸವಾಗುತ್ತೆ! ಆಗುತ್ತೆ, ನಿಜ. ಸವಾರಿಯೂ ಸುಖವಾಗುತ್ತೆ. ಜಟಕಾದವನು ನೋಡಿದ್ದರೆ ಕೂಗಿಕೊಳ್ಳುತ್ತಿದ್ದ. ಇದು ಅಪ್ಪಟ ಹಿಂಭಾರ. ಹಾಗೆ ಹೇರಿದ ಟ್ರೇಲರು 60ರಲ್ಲಿ ಸಾಧುವಾಗಿರುತ್ತೆ, ವೇಗ ಏರಿದ ಹಾಗೆ ಬಾಲ ಅಲ್ಲಾಡಿಸಲು ಶುರು ಮಾಡುತ್ತೆ. ಪ್ರತಿ ಜೋಡಿಗೂ ಒಂದು ವೇಗದ ಗಡಿ ಇದೆ. ಅದರ ಕೆಳಗೆ ತೂಗಾಟ ತಾನೇ ನಿಲ್ಲುತ್ತೆ, ಅದರ ಮೇಲೆ ತಾನೇ ಬೆಳೆಯುತ್ತೆ. ಪಕ್ಕದಲ್ಲಿ ಒಂದು ವೋಲ್ವೋ ಹಾದುಹೋದ ಗಾಳಿ ಸಾಕು ಶುರುವಾಗಲು. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಜಾಸ್ ಡಾರ್ಲಿಂಗ್ ಮತ್ತು ಸಂಗಡಿಗರು ಇದನ್ನು ಪ್ರಯೋಗ ಮಾಡಿಯೇ ನೋಡಿದ್ದಾರೆ. ಒಟ್ಟು ತೂಕಕ್ಕಿಂತ ಆ ತೂಕ ಎಲ್ಲಿ ಕೂತಿದೆ, ಮೂತಿಯ ಮೇಲೆ ಎಷ್ಟಿದೆ, ಅಚ್ಚು ಎಲ್ಲಿದೆ ಅನ್ನುವುದೇ ಹೆಚ್ಚು ನಿರ್ಣಾಯಕ. ಅಮೆರಿಕದವರು ಟ್ರೇಲರ್ ತೂಕದಲ್ಲಿ ಶೇ 10ರಿಂದ 15 ಕೊಂಡಿಯ ಮೇಲಿರಲಿ ಅನ್ನುತ್ತಾರೆ, ಯೂರೋಪಿನವರು ಅದಕ್ಕಿಂತ ಕಡಿಮೆ ಸಾಕು ಅನ್ನುತ್ತಾರೆ. ಅವರ ರಸ್ತೆಗಳಲ್ಲಿ ಕ್ಯಾರವಾನ್ ಓಡುವ ವೇಗವೂ ಕಡಿಮೆ. ಸೊನ್ನೆ ಇರಲಿ ಅಂತ ಯಾರೂ ಹೇಳಿಲ್ಲ. ಅಲ್ಲಾಟ ಶುರುವಾದರೆ ಸ್ಟಿಯರಿಂಗ್ ಎಳೆದಾಡಬೇಡಿ, ಬ್ರೇಕ್ ಗುದ್ದಬೇಡಿ. ಆಕ್ಸಿಲರೇಟರಿನಿಂದ ಕಾಲು ತೆಗೆದು ವೇಗ ತಾನಾಗಿ ಇಳಿಯಲು ಬಿಡಿ. ಟ್ರೇಲರಿಗೆ ಪ್ರತ್ಯೇಕ ಬ್ರೇಕ್ ಸ್ವಿಚ್ ಇದ್ದರೆ ಅದೊಂದನ್ನೇ ಒತ್ತಿ.

2023ರ ಮಾರ್ಚಿನಲ್ಲಿ ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು, ಆಗಸ್ಟಿನಿಂದ ಅದರ ಮುಖ್ಯ ದಾರಿಯಲ್ಲಿ ಎತ್ತಿನ ಗಾಡಿಗೂ ಟ್ರ್ಯಾಕ್ಟರ್ ಟ್ರೇಲರಿಗೂ ಪ್ರವೇಶವಿಲ್ಲ. ಅವು ಪಕ್ಕದ ಸರ್ವೀಸ್ ರಸ್ತೆಯಲ್ಲಿವೆ. ಮಂಡ್ಯದ ಕಡೆ ಕಬ್ಬು ಹೇರಿದ ಟ್ರ್ಯಾಕ್ಟರು ಏರಿನಲ್ಲಿ ಮುಂದಿನ ಚಕ್ರ ನೆಲ ಬಿಟ್ಟು ಏಳುವುದನ್ನು ನೀವು ನೋಡಿರಬಹುದು. ಅದು ನಿಮ್ಮ 44 ಕೆಜಿಯ ದೊಡ್ಡಣ್ಣ. ನಾವು ಮಾತ್ರ 100ರ ಮಿತಿಯ ರಸ್ತೆಯಲ್ಲಿ, ಕನ್ನಡಿಯಲ್ಲಿ ಟ್ರೇಲರಿನ ಮೂತಿ ನೋಡುತ್ತಾ, ಹಾಡು ಕೇಳುತ್ತಾ ಹೋಗುತ್ತೇವೆ.

ಹೊರಡುವ ಹಿಂದಿನ ದಿನ ಎರಡು ಕೆಲಸ ಮಾಡಿ. ಮನೆಯಲ್ಲಿ ತೂಕ ನೋಡುವ ಯಂತ್ರ ಇದ್ದರೆ, ಪೂರ್ತಿ ಸಾಮಾನು ತುಂಬಿದ ಟ್ರೇಲರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಮೂತಿಯ ಕೆಳಗೆ ಕೊಂಡಿಯಷ್ಟೇ ಎತ್ತರಕ್ಕೆ ಒಂದು ಮರದ ತುಂಡನ್ನು ಆ ಯಂತ್ರದ ಮೇಲಿಟ್ಟು ಇಳಿಸಿ. ಕೊಂಡಿಯ ಮೇಲಿನ ಭಾರ ಗೊತ್ತಾಗುತ್ತೆ. ಯಂತ್ರದ ಮಿತಿ ಮೀರಿದರೆ ಅದೂ ಒಂದು ಉತ್ತರವೇ. ಆಮೇಲೆ ಲಾರಿಗಳು ತೂಗುವ ವೇ ಬ್ರಿಡ್ಜಿಗೆ ಹೋಗಿ. ಮುಂದಿನ ಚಕ್ರ ಮಾತ್ರ ಹತ್ತಿಸಿ ಒಂದು ಸಲ ಟ್ರೇಲರ್ ಇಲ್ಲದೆ, ಒಂದು ಸಲ ಟ್ರೇಲರ್ ಕಟ್ಟಿ ತೂಗಿಸಿ. ಎರಡು ಚೀಟಿ ಕೈಗೆ ಬರುತ್ತೆ. ಎರಡರ ನಡುವಿನ ವ್ಯತ್ಯಾಸ ನೋಡಿದ ಮೇಲೆ ಸ್ಪ್ರಿಂಗಿನ ಅಂಗಡಿಗೆ ಹೋಗಬೇಕೋ, ಇಲ್ಲ ನೀರಿನ ಟ್ಯಾಂಕನ್ನು ಒಂದಡಿ ಸರಿಸಬೇಕೋ ಅನ್ನುವುದು ತೀರ್ಮಾನವಾಗುತ್ತೆ.